ಆ್ಯಂಕ್ಷಸ್ ಅಂದರೆ

ಮಾರ್ಚ್ ೧೪, ಭಾನುವಾರ

ನನ್ನ ಚಿನ್ನುವಿಗೆ,

ಅಮ್ಮನ ಅಕ್ಕರೆಯ ನೆನಪುಗಳು. ನೀನು ಫೋನ್ ಎತ್ತುತ್ತಿಲ್ಲ. ಕಾಗದವನ್ನಾದರೂ ಹರಿದುಹಾಕುವ ಮೊದಲು ಓದುತ್ತೀಯ ಎಂದು ಬರೆಯುತ್ತಿದ್ದೇನೆ.

ಅಪ್ಪನ ಮಣ್ಣು ಮುಗಿಸಿ ಬಂದ ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೀನು ಕೇಳಿದೆ, "ಆಸ್ಪತ್ರೆಯಿಂದ ನರ್ಸ್ ಬರೆದ ಕಾಗದ ನಿಂಗೆ ಸಿಕ್ಕಿತ್ತಾ ಅಮ್ಮ?" ಇಲ್ಲ ಅಂದೆ. ಸಿಕ್ಕಿತ್ತು. ಅವರು ಹೋಗುವ ಒಂಬತ್ತು ದಿನ ಮೊದಲೇ ಸಿಕ್ಕಿತ್ತು.

ಅವರಾಗಿಯೇ ಕರೆದರೆ ಬರುತ್ತೇನೆ ಎಂದು ನಿನಗೆ ಹೇಳಿದ್ದೆನಲ್ಲ, ಅದು ಅವರ ಕಿವಿಗೆ ಬಿದ್ದಿರಬೇಕು. ಅವರ ಕೈ ನಡುಗುತ್ತಿತ್ತಂತೆ, ರಾತ್ರಿ ನೀನಿಲ್ಲದಾಗ ನರ್ಸಿನ ಕೈಲಿ ಬರೆಸಿದರಂತೆ. ನರ್ಸಿಗೆ ನಮ್ಮ ಅಕ್ಷರ ಬಾರದು. ಹಾಗಾಗಿ ಇಂಗ್ಲಿಷಿನಲ್ಲಿ ಎರಡೇ ಸಾಲು. ವಾರ್ಡಿನ ನಂಬರು, ಆಮೇಲೆ ನಿಮ್ಮ ಯಜಮಾನರು ನಿಮ್ಮನ್ನು ನೋಡಲು 'ಆ್ಯಂಕ್ಷಸ್' ಆಗಿದ್ದಾರೆ ಎಂದು. ಆ ಒಂದು ಪದ ಮಾತ್ರ ತಿಳಿಯಲಿಲ್ಲ. ನನ್ನ ಹೊಲಿಗೆ ಅಂಗಡಿಯಲ್ಲಿ ಅಳತೆ ಪುಸ್ತಕದ ಜೊತೆ ನಿನ್ನ ಶಾಲೆಯ ನಿಘಂಟು ಇದೆಯಲ್ಲ, ತೆಗೆದು ನೋಡಿದೆ. ಆತಂಕಗೊಂಡ, ಕಳವಳದ ಎಂದಿತ್ತು. ನನ್ನ ಮುಖ ನೋಡಬೇಕಲ್ಲ ಎಂದು ಅವರಿಗೆ ಕಳವಳ. ಹನ್ನೆರಡು ವರ್ಷದ ಹಿಂದೆ ಪೆಟ್ಟಿಗೆ ಹಿಡಿದು ಹೊಸಿಲು ದಾಟುವಾಗ "ನಿನ್ನ ಜೊತೆ ಇದ್ರೆ ಉಸಿರು ಕಟ್ಟುತ್ತೆ" ಅಂದವರು ತಾನೇ. ಕೊನೆಗಾಲದಲ್ಲಿ ಯಾಕೆ ಗೋಳು ಹುಯ್ದುಕೊಳ್ಳಲಿ ಎಂದು ಕಾಗದ ಮಡಿಸಿಟ್ಟು, ಯಾರದೋ ಕೋಟಿನ ತೋಳು ಬಿಚ್ಚುತ್ತ ಕೂತೆ.

ಮೊನ್ನೆ ಇಂಗ್ಲಿಷ್ ಮೇಷ್ಟ್ರೊಬ್ಬರು ಪ್ಯಾಂಟು ಸಡಿಲ ಮಾಡಿಸಲು ಬಂದಿದ್ದರು. ಸುಮ್ಮನೆ ಕೇಳುವವಳ ಹಾಗೆ ಕೇಳಿದೆ. ನೋಡಲು ಆ್ಯಂಕ್ಷಸ್ ಅಂದರೆ ಕಾತರ, ಯಾವಾಗ ಬರುತ್ತಾರೋ ಎಂಬ ಹಂಬಲ ಎಂದರು. ಒಂದೇ ಪದ ಎರಡು ದಿಕ್ಕಿಗೆ ಹೇಗೆ ಎಳೆಯುತ್ತದೆ ಸಾರ್ ಎಂದೆ. ಅದರ ಬೇರು ಲ್ಯಾಟಿನ್ನಿನದಂತೆ, ಕತ್ತು ಹಿಸುಕುವುದು ಎಂದರ್ಥವಂತೆ. ಕನ್ನಡಕ ಒರೆಸಿಕೊಳ್ಳುತ್ತ ಹೇಳಿದರು, "ಹೆದರಿಕೆ ಆದ್ರೂ ಗಂಟಲು ಬಿಗಿಯುತ್ತೆ, ಆಸೆ ಆದ್ರೂ ಬಿಗಿಯುತ್ತೆ. ಇರೋದು ಒಂದೇ ಗಂಟಲು ಅಲ್ವೇನಮ್ಮ." ನಾನು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಕಿಟಕಿಯ ಕಡೆ ತಿರುಗಿದೆ.

ಕಾಗದ ಇಲ್ಲಿಗೇ ನಿಲ್ಲಿಸಿದ್ದರೆ ನೀನು, ಪಾಪ, ಅಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ ಅಂದುಕೊಳ್ಳುತ್ತಿದ್ದೆ. ಹಾಗೇ ಅಂದುಕೊಳ್ಳಲಿ ಎಂದು ಬರೆಯಲು ಕೂತವಳು ನಾನು. ಆದರೆ ನಿಘಂಟಿನಲ್ಲಿ ಎರಡನೆಯ ಅರ್ಥವೂ ಇತ್ತು ಚಿನ್ನು. ಅದೇ ಸಾಲಿನಲ್ಲಿ, ತುಂಬ ಆಸೆಯುಳ್ಳ ಎಂದು. ಆವತ್ತೇ ಓದಿದ್ದೆ. ಅದು ತಪ್ಪು ಅನ್ನಲಿ ಎಂದೇ ಮೇಷ್ಟ್ರನ್ನು ಕೇಳಿದ್ದು. ನಾನು ಹನ್ನೆರಡು ವರ್ಷ ಕಾದಿದ್ದೇನೆ, ಅವರೂ ನಾಲ್ಕು ದಿನ ಕಾಯಲಿ ಅನ್ನಿಸಿತು. ಅಷ್ಟೇ. ಆಮೇಲೆ ಹೋಗುವವಳೇ ಇದ್ದೆ. ಬ್ಯಾಗು ತುಂಬಿಟ್ಟಿದ್ದೆ. ಅಷ್ಟರಲ್ಲಿ ನಿನ್ನ ಫೋನ್ ಬಂತು.

ಕ್ಷಮಿಸು ಎಂದು ಕೇಳುತ್ತಿಲ್ಲ. ಸುಳ್ಳು ಹೇಳಿದ್ದು ನಿನಗೆ, ಅದಕ್ಕೆ ಬರೆದೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಮ್ಮ

ಇನ್ನೊಂದು ಮಾತು: ಹಗಲೆಲ್ಲ ಹಾಸಿಗೆಯ ಪಕ್ಕ ಇದ್ದವಳು ನೀನು. ಕೊನೆಯ ದಿನಗಳಲ್ಲಿ ಅವರು ಯಾವ ಕಡೆಗೆ ಹೊರಳಿ ಮಲಗುತ್ತಿದ್ದರು ಎಂದು ಒಂದೇ ಸಾಲು ಬರೆ. ಬಾಗಿಲ ಕಡೆಗಾಗಿದ್ದರೆ, ಗೋಡೆಯ ಕಡೆಗೆ ಅಂತಲೇ ಬರೆ.