ಇವರು ಇಟ್ಟ ಸೆಟ್ಟಿಂಗ್

ಮಾರ್ಚ್ 3, ಬೆಳಿಗ್ಗೆ 7

ತೆರೆಯ ಮೇಲೆ ಮತ್ತೆ ‘ಪರ್ಮಿಷನ್ ಡಿನೈಡ್’, ಅನುಮತಿ ಇಲ್ಲವಂತೆ. ನಿನ್ನೆ ಸಂಜೆ ಸರಿ ಇತ್ತು. ಮಾವನ ಕಿವಿ ಮಷೀನಿಗೆ ಸೆಟ್ಟಿಂಗ್ ತುಂಬುವ ಡಬ್ಬಿ — ಇವರು ತಮ್ಮ ಶ್ರವಣಯಂತ್ರದ ಅಂಗಡಿಯಲ್ಲಿ ಬಳಸುತ್ತಿದ್ದದ್ದು — ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಪರ್ಮಿಷನ್ ಕೊಡುವ ಕಮಾಂಡ್ ಹಾಕಿ, ಬೆಳಿಗ್ಗೆ ತುಂಬೋಣವೆಂದು ಮಲಗಿದ್ದೆ. ಬೆಳಗಾದರೆ ಇಲ್ಲ. ವಿಂಡೋಸ್ ತೆಗೆಸಿ ಹೊಸದಾಗಿ ಲಿನಕ್ಸ್ ಹಾಕಿಸಿದ್ದೇ ತಪ್ಪಾಯಿತೇನೋ.

ಇವರು ತೀರಿಹೋಗಿ ಐದು ತಿಂಗಳು. ಮಾವನ ಕಿವಿ ಇನ್ನಷ್ಟು ಮಂದವಾಗಿದೆ. ಡಾಕ್ಟರು ಹೊಸ ಅಳತೆ ಬರೆದುಕೊಟ್ಟಿದ್ದಾರೆ. ಮೊನ್ನೆ ಲಾರಿಯವನು ಹಾರ್ನ್ ಹೊಡೆದರೂ ಕೇಳದೆ ರಸ್ತೆ ನಡುವೆಯೇ ನಿಂತಿದ್ದರು. ಕೂದಲೆಳೆಯಲ್ಲಿ ಪಾರು.

ಮಾರ್ಚ್ 4

ಸಂಜೆ ಮತ್ತೆ ಕಮಾಂಡ್ ಕೊಟ್ಟು, ಕಿವಿ ಮಷೀನ್ ಕೇಳಿದೆ. “ನಾಳೆ ನೋಡೋಣಮ್ಮ, ನಿದ್ದೆ ಬರ್ತಿದೆ” ಅಂದರು ಮಾವ. ಏಳು ಗಂಟೆಗೇ!

ಮಾರ್ಚ್ 5

ಬೆಳಿಗ್ಗೆ ನೋಡಿದರೆ ಪರ್ಮಿಷನ್ ಮತ್ತೆ ಹೋಗಿತ್ತು. ವೈರ್ ಇದ್ದಲ್ಲೇ ಇದೆ, ದೀಪ ಉರಿಯುತ್ತಿದೆ. ಎರಡು ನಿಮಿಷದ ಕೆಲಸ, ಇನ್ನೊಮ್ಮೆ ಕೊಡಬಹುದಿತ್ತು. ಕೈ ಬರಲಿಲ್ಲ. ಮಷೀನಿನಲ್ಲಿರುವುದು ಇವರು ಕೊನೆಯ ಸಲ ಕೂತು ತುಂಬಿದ ಸೆಟ್ಟಿಂಗ್. ಅದರ ಮೇಲೆ ಬರೆಯಬೇಡ ಅನ್ನುತ್ತಿದ್ದಾರಾ... ಹೆದರಿಕೆಯಾಯಿತು. ನಗುವೂ ಬಂತು. ಜಿರಲೆ ಕಂಡರೆ ನನ್ನನ್ನು ಕೂಗುತ್ತಿದ್ದ ಗಂಡನಿಗೆ ಈಗ ನಾನು ಹೆದರುವುದು!

ಮಾರ್ಚ್ 9

ನಾಲ್ಕು ದಿನ ಲ್ಯಾಪ್‌ಟಾಪ್ ಮುಟ್ಟಲಿಲ್ಲ. ಇವತ್ತು ಅಂಗಡಿಯ ಪಾಲುದಾರರಿಗೆ ಫೋನ್ ಮಾಡಿದೆ.

“ಅತ್ತಿಗೆ, ಭೂತನೂ ಇಲ್ಲ ಪಿಶಾಚಿನೂ ಇಲ್ಲ. ಕಮಾಂಡಲ್ಲಿ ಕೊಟ್ಟ ಪರ್ಮಿಷನ್ನು ವೈರ್ ಕಿತ್ತು ಹಾಕಿದ್ರೆ ಮುಗೀತು. ಅದನ್ನೇ ಒಂದು ರೂಲ್ ಫೈಲಲ್ಲಿ ಬರೆದಿಡಿ, ಎಷ್ಟು ಸಲ ಕಿತ್ರೂ ಇರುತ್ತೆ.”

ಅವರು ಹೇಳಿದ ಸಾಲು ಬರೆದುಕೊಂಡೆ. ಆದರೆ ವೈರ್ ಕಿತ್ತವರು ಯಾರು?

ಮಾರ್ಚ್ 10, ಬೆಳಿಗ್ಗೆ 6

ಮಾವ. ಬಾಗಿಲ ಸಂದಿಯಿಂದ ನೋಡಿದೆ. ಕಿತ್ತರು, ಒರೆಸಿದರು, ಮತ್ತೆ ಸಿಕ್ಕಿಸಿದರು. ಹತ್ತಿರ ಹೋಗಿ ಕೂಗಿ ಕೇಳಿದೆ.

“ಕಿತ್ತು ಹಾಕಿದ್ರೆ ಎಲ್ಲಾ ಮರೆತುಬಿಡುತ್ತೆ ಅಂತ ಅವನೇ ಬೈಕೋತಿದ್ದ. ನೀನು ತುಂಬಿದ್ರೆ ಅವನು ಇಟ್ಟಿದ್ದು ಹೋಗುತ್ತಲ್ಲಮ್ಮ.”

“ನೀವು ಲಾರಿ ಕೆಳಗೆ ಹೋದ್ರೆ ನನಗ್ಯಾರು ಮಾವ?”

ಸಿಟ್ಟು ಬಂತು, ಅಳುವೂ ಬಂತು. ಇವರ ಸೆಟ್ಟಿಂಗನ್ನು ಮೊದಲು ಬೇರೆ ಫೈಲಿನಲ್ಲಿ ಉಳಿಸಿಡುತ್ತೇನೆ ಅಂದೆ. ಮಾವ ಕಿವಿಯಿಂದ ಮಷೀನ್ ಬಿಚ್ಚಿ ನನ್ನ ಅಂಗೈಗೆ ಹಾಕಿದರು. ರೂಲ್ ಬರೆದೆ. ಇವರದನ್ನು ಉಳಿಸಿ ತೋರಿಸಿದೆ. ಹೊಸದು ತುಂಬಿದೆ.

ಸಂಜೆ 6

“ನಲ್ಲಿ ತೊಟ್ಟಿಕ್ತಿದೆಯಲ್ಲ” ಅಂದರು ಮಾವ. ವರ್ಷದಿಂದ ತೊಟ್ಟಿಕ್ಕುತ್ತಿದೆ.

ರೂಮಿಗೆ ಬಂದು ಬಾಗಿಲು ಹಾಕಿಕೊಂಡು ಇವರಿಗೆ ಎಲ್ಲ ಹೇಳಿದೆ. ದಿನಾ ಹೇಳುತ್ತೇನೆ, ಗಟ್ಟಿಯಾಗಿಯೇ — ಕೇಳಿಸಿಕೊಳ್ಳುವವರು ಯಾರಿದ್ದರು. “ರೀ, ಮಷೀನಿಂದ ನಿಮ್ಮದನ್ನ ಅಳಿಸಿಬಿಟ್ಟೆ. ಕೋಪ ಮಾಡ್ಕೋಬೇಡಿ” ಅಂದೆ. ಆಮೇಲೆ ಇದನ್ನು ಬರೆಯಲು ಕೂತೆ.

ಬಾಗಿಲಾಚೆ ಕೆಮ್ಮು. ಮಾವ.

“ಅವನು ಏನಂದನಮ್ಮ?”

ಏನು ಹೇಳಲಿ. ಹೋಗಿಲ್ಲ, ಅಲ್ಲೇ ನಿಂತಿದ್ದಾರೆ. ಈ ಪೆನ್ನಿನ ಸದ್ದೂ ಅವರಿಗೆ ಕೇಳಿಸುತ್ತಿ—