ಇಂಗಳೇಶ್ವರಕ್ಕ ಮೂರು ಸಲ

೨೫ ಸೆಪ್ಟೆಂಬರ್, ಮುಂಜಾನೆ

ರೆಬೆಕ್ಕಾಬಾಯಿಯವರ ಬಿಪಿ ೧೫೦. ಗುಳಿಗಿ ಕೊಟ್ಟೆ. ಅವರ ಮ್ಯಾಲಿನ ಮನಿ ಬಾಡಿಗಿ ಹಿಡಿದು ಆರು ವರ್ಷ, ದಿನಾ ಇದೇ ಕೆಲಸ. ಬಾಯಿ ರಿಟೈರ್ಡ್ ನರ್ಸ್, ಎಪ್ಪತ್ತೊಂಬತ್ತು. ಬಾಗೇವಾಡ್ಯಾಗ ನನಗ ಗೊತ್ತಿದ್ದ ಒಬ್ಬರೇ ಯಹೂದಿ. ಹಿರೇರು ಕೊಂಕಣದಾಗ ಗಾಣ ನಡಸ್ತಿದ್ರಂತ, ಶನಿವಾರ ಅವರ ವಿಶ್ರಾಂತಿ ದಿನ, ಗಾಣ ಬಂದ್. ಬಾಯಿ ಇವತ್ತಿಗೂ ಶನಿವಾರ ಒಲಿ ಹಚ್ಚಂಗಿಲ್ಲ.

ಗುಳಿಗಿ ಕೈಯಾಗೇ ಹಿಡಕೊಂಡು ಕುಂತ್ರು. "ಬುಶ್ರಾ, ಇಂಗಳೇಶ್ವರಕ್ಕ ನಿನ್ನ ಗಾಡಿ ಮ್ಯಾಲ ಕರಕೊಂಡು ಹೋಗ್ತೀಯೇನವಾ?"

ಯಾಕ್ರಿ ಅಂದೆ. ಬರೋ ಬುಧವಾರ ಸಂಜಿಗೆ ಅವರ ದೊಡ್ಡ ಉಪವಾಸ ಸುರು. ದೇವರಿಗೆ ಮಾಡಿದ ತಪ್ಪು ದೇವರು ಮಾಫ್ ಮಾಡ್ತಾನ. ಮನಷ್ಯಾರಿಗೆ ಮಾಡಿದ್ದನ್ನ ಅವರ ಬಾಗಲಕ್ಕೇ ಹೋಗಿ ಕೇಳಬೇಕಂತ... ನಮ್ಮ ಅಬ್ಬಾನೂ ಹಿಂಗ ಹೇಳ್ತಿದ್ರು.

೨೬, ಮಧ್ಯಾಹ್ನ

ದಾರ್ಯಾಗ ಹೇಳಿದ್ರು. ಇಪ್ಪತ್ತೆಂಟು ವರ್ಷದ ಹಿಂದ ಇಂದುಬಾಯಿ ಅನ್ನಾಕಿ ಹೆರಿಗಿ ಬ್ಯಾನಿ ತಿನಕೋತ ಬಾಯಿ ಇದ್ದ ದವಾಖಾನಿಗೆ ಬಂದಿದ್ಲು. ಬಾಯಿಗೆ ಎರಡು ದಿನದ ನಿದ್ದಿ ಇರಲಿಲ್ಲ. "ನಾಟಕ ಮಾಡಬ್ಯಾಡ, ಇನ್ನೂ ಟೈಮ್ ಐತಿ, ಮನಿಗೆ ಹೋಗು" ಅಂದ್ರು. ಮುಟ್ಟಿ ಸೈತ ನೋಡಲಿಲ್ಲ. ದಾರ್ಯಾಗೇ ಹೆರಿಗಿ. ಕೂಸು ಉಳೀಲಿಲ್ಲ.

ಇಂಗಳೇಶ್ವರದಾಗ ಕದ ತೆರದ ಇಂದುಬಾಯಿ ನೋಡಿದ ಕೂಡ್ಲೇ ಗುರುತು ಹಿಡದ್ಲು.

"ತಪ್ಪಾತವಾ, ಮಾಫ್ ಮಾಡು" ಅಂದ್ರು ಬಾಯಿ.

ಕದ ಹಾಕ್ಕೊಂಡ್ಲು.

೨೯

ಎರಡನೇ ಸಲ. ಕದ ತೆರದ್ಲು. "ನಿಮ್ಮ ಹಬ್ಬ ಬಂತಂತ ನನ್ನ ನೆನಪಾತೇನ್ರಿ?"

ಬಾಯಿ ಗಾಡಿ ಕಡೆ ನಡದ್ರು. ತಿರುಗಿ ಬಂದ್ವಿ.

ಸಾಕ್ ಬಿಡ್ರಿ, ಕೇಳಿದ್ರಲ್ಲ ಅಂದೆ.

"ನಮ್ಮ ಧರ್ಮದಾಗ ಮೂರು ಸಲ ಹೋಗಬೇಕಂತ ಐತಿ" ಅಂದ್ರು ಬಾಯಿ. ಚಪ್ಪಲಿ ಬಿಡಕೋತ — "ಆಕಿ ಅಂದಿದ್ದು ಖರೇ ಐತಿ, ಬುಶ್ರಾ. ನಾ ನನ್ನ ಸಲುವಾಗಿ ಹೋಗಿದ್ದೆ."

ಊಟ ಬ್ಯಾಡಂದ್ರು.

೧ ಅಕ್ಟೋಬರ್

ಇವತ್ತ ಮಾಫಿ ಮಾತೇ ತೆಗೀಲಿಲ್ಲ. ಅಂಗಳದಾಗ ನಿಂತು ಕೇಳಿದ್ರು, "ಇಂದುಬಾಯಿ, ಕೂಸು ಹ್ಯಾಂಗಿತ್ತು?"

ನನಗ ಅಲ್ಲಿಂದ ಓಡಿ ಹೋಗಬೇಕನಿಸ್ತು.

"ಹೆಣ್ಣು. ತಲಿ ತುಂಬ ಕೂದಲಾ." ಕಟ್ಟಿ ಮ್ಯಾಲ ಕುಂತ್ಲು. "ಇಷ್ಟು ವರ್ಷ ಯಾರೂ ಕೇಳಿಲ್ಲ ನೋಡ್ರಿ. ನಮ್ಮ ಮನ್ಯಾರೂ ಕೇಳಿಲ್ಲ."

ಬಾಯಿನೂ ಬಾಜೂಕ ಕುಂತ್ರು. ಇಬ್ಬರೂ ಅತ್ರು. ಕೈ ಹಿಡೀಲಿಲ್ಲ, ಏನಿಲ್ಲ... ಬರೇ ಕುಂತ್ರು.

ಹೊತ್ತು ಇಳದಿತ್ತು. ನಾನೇ ನಡಕ ಮಾತಾಡಿದೆ — ಹೊತ್ತು ಮುಣುಗೂದ್ರಾಗ ಇವರು ಉಣಬೇಕ್ರಿ, ನಾಳಿ ಸಂಜಿ ಆಕಾಶದಾಗ ಚಿಕ್ಕಿ ಮೂಡೂತನಕ ನೀರೂ ಇಲ್ಲ.

ಇಂದುಬಾಯಿ ಒಳಗ ಹೋದ್ಲು. ಎರಡು ರೊಟ್ಟಿ, ಬ್ಯಾಳಿ ತಂದಿಟ್ಲು. ಮಾಫ್ ಮಾಡೇನಿ ಅನಲಿಲ್ಲ. "ಉಣ್ರಿ" ಅಂದ್ಲು. ಹೊರಡೂ ಮುಂದ ನನ್ನ ನಂಬರ್ ಕೇಳಿ ತಗೊಂಡ್ಲು.

೨ ಅಕ್ಟೋಬರ್, ಸಂಜಿ ೬.೪೦

ಬಾಯಿ ಮುಂಜಾನಿಂದ ಬಿಳಿ ಸೀರಿಯೊಳಗ, ಪ್ರಾರ್ಥನಾ ಪುಸ್ತಕ ಹಿಡಕೊಂಡು. ತುಟಿ ಒಣಗ್ಯಾವ. ಬಿಪಿ ಗುಳಿಗಿ ಮಾತ್ರ ಒಂದು ಗುಟುಕು ನೀರಿನಾಗ ನುಂಗಿದ್ರು — ಜೀವಕ್ಕ ಕುತ್ತು ಬರೂದಿದ್ರ ಅವರ ಧರ್ಮನೇ ಕುಡಿಯಾಕ ಬಿಡ್ತದಂತ.

ಈಗ ಫೋನ್. ಇಂದುಬಾಯಿ.

"ಬಾಯಾರು ಹ್ಯಾಂಗದಾರ? ಏನರ ಕುಡದ್ರೇನು?"

ಮೂರು ಚಿಕ್ಕಿ ಕಾಣಬೇಕ್ರಿ, ಇನ್ನೂ ಇಲ್ಲ ಅಂದೆ.

"ಹಂಗಾರ ಫೋನ್ ಇಡಬ್ಯಾಡ. ನಾನೂ ಅಂಗಳಕ್ಕ ಬಂದೇನಿ."

ಬಾಯಿ ಇವತ್ತ ಫೋನ್ ಮುಟ್ಟಂಗಿಲ್ಲ. ಒಂದು ಕೈಯಾಗ ನಾನೇ ಹಿಡದೇನಿ, ಇನ್ನೊಂದು ಕೈಲೆ ಬರಿಯಾಕತ್ತೇನಿ. ಇಲ್ಲಿ ಬಾಯಿ, ಅಲ್ಲಿ ಇಂದುಬಾಯಿ, ಇಬ್ಬರೂ ಆಕಾಶ ನೋಡಾಕತ್ತಾರ.

ಒಂದು ಕಂಡತು. "ಇಲ್ಲೂ ಕಂಡತು" ಅಂದ್ಲು ಇಂದುಬಾಯಿ.

ಎರಡು.

ಎದುರಿನ ಮಾಳಿಗಿ ಮ್ಯಾಲ ಬಾಯಿ ಬೆರಳು ಮಾಡಿ ತೋರಿಸಿದ್ರು — ಮೂರು.