ಅವಳಿ ಅಕ್ಕನ ಮಾತ್ರೆ

ಡಾಕ್ಟರಿಗೆ ನಮಸ್ಕಾರ.

‘ಉಂಡದ್ದನ್ನು ಮೈ ಮರೆಯದು’ ಎಂದೋ ಏನೋ ಎಲ್ಲೋ ಓದಿದ ಒಂದು ಸಾಲಿತ್ತು. ಉಂಡದ್ದನ್ನು ಮಾತ್ರವೇ? ಉಸಿರಾಡಿದ್ದನ್ನು?

ನನ್ನ ತದ್ರೂಪಿ ಅವಳಿ ಅಕ್ಕನ ರಕ್ತದೊತ್ತಡ ಇಳಿಸಿದ ಮಾತ್ರೆ ನನಗೆ ನಾಟಲಿಲ್ಲ. “ನೀವು ನುಂಗ್ತಾನೇ ಇಲ್ಲ” ಎಂದಿರಿ, ಚೀಟಿಯಲ್ಲೂ ಹಾಗೇ ಬರೆದಿರಿ. ದಿನವೂ ನುಂಗುತ್ತಿದ್ದೇನೆ.

ಅಕ್ಕ ಸಸಿಗಳ ನರ್ಸರಿಯಲ್ಲಿದ್ದಾಳೆ. ನಾನು ಕಿಟಕಿಯಿಲ್ಲದ ಕೋಣೆಯಲ್ಲಿ ಹಳೆಯ ಕುರ್ಚಿಗಳಿಗೆ ವಾರ್ನಿಶ್ ಬಳಿಯುತ್ತೇನೆ. ವಂಶವಾಹಿಗಳು ಒಂದೇ ಆದರೂ, ಅವುಗಳಲ್ಲಿ ಯಾವುದು ಎಚ್ಚರವಿರಬೇಕು, ಯಾವುದು ಮಲಗಬೇಕು ಎಂಬುದರಲ್ಲಿ ನಾವು ಬದುಕುವ ಗಾಳಿಯ ಕೈವಾಡವೂ ಇದೆಯಂತೆ. ಮದ್ದು ನಾಟುವುದಕ್ಕೂ ಅದು ಅಡ್ಡ ಬರಬಹುದಂತೆ.

ಅಮ್ಮನ ಹಾಗೆ ನನಗೂ ಲಕ್ವ ಹೊಡೆಯುವ ಮೊದಲು ಚೀಟಿಯಲ್ಲಿನ ಆ ಮಾತನ್ನು ಹೊಡೆದುಹಾಕಿ, ನನ್ನ ಕೆಲಸವೇನೆಂದು ಕೇಳಿ, ಬೇರೆ ಮದ್ದು ಕೊಡಿ.

ಇತಿ,
ಸುಳ್ಳು ಹೇಳದ ನಿಮ್ಮ ರೋಗಿ

ಬಾಗಿಲಲ್ಲಿ ನಿಂತು ಇದನ್ನು ಓದಿಸಿಕೊಂಡ ಪಕ್ಕದ ಮನೆಯಾಕೆ ಅಂದಳು: “ರಜದ ದಿನಾನೂ ವಾರ್ನಿಶ್ ನಾತ ಹೊಡೀತೀಯಲ್ಲೇ! ಆ ಡಾಕ್ಟ್ರಿಗೇನು ನೆಗಡಿನಾ?”